ಕುಬ್ರಾ ಆಪಾನ ಹಗುರ ಚೀಲ

ಶಹಾಪುರದ ಗುಡ್ಡದ ಬುಡದಲ್ಲೇ ಹುಟ್ಟಿ ಬೆಳೆದ ದರ್ಜಿ ಕುಬ್ರಾಬೇಗಂ, ಆ ಗುಡ್ಡವನ್ನು ಒಮ್ಮೆಯೂ ಹತ್ತಿದವಳಲ್ಲ. ಮೊದಲು ಅಪ್ಪ ಬೇಡ ಎಂದ, ಆಮೇಲೆ ಮಕ್ಕಳು ಚಿಕ್ಕವರು, ಆಮೇಲೆ ಹಬ್ಬದ ಹೊಲಿಗೆ, ಮದುವೆಯ ಹೊಲಿಗೆ, ಮುಗಿಯದ ಹೊಲಿಗೆ! ಈ ಸಲ ಕಾಲೇಜಿನ ಚಾರಣ ತಂಡದ ಹುಡುಗಿಯರು ಬಂದು ಬೆನ್ನಿಗೆ ಹಾಕುವ ಪುಟ್ಟ ಚೀಲ ಹೊಲಿಸಿದರು. ಗುಡ್ಡದಲ್ಲಿ ದಾರಿ ತಪ್ಪಿದರೆ, ಕಾಲು ಉಳುಕಿದರೆ, ಜೀವ ಉಳಿಸಿಕೊಳ್ಳಲು ಬೇಕಾದಷ್ಟೇ ಸಾಮಾನು ಹಿಡಿಯುವ ಚೀಲ. ಹಳೆಯ ಕೊಡೆ ಬಟ್ಟೆಯಲ್ಲಿ ಕುಬ್ರಾ ಎಂಥ ಚೀಲ ಹೊಲಿದಳೆಂದರೆ, ಊದಿದರೆ ಹಾರಬೇಕು!

"ಇಷ್ಟೆಲ್ಲಾ ಹೊಲ್ದೀನಿ, ನನಗ ಗುಡ್ಡ ತೋರ್ಸಂಗಿಲ್ಲೇನ್ರೇ?"

"ಬರ್ರಿ ಆಪಾ, ಬರ್ರಿ!" ಎಂದು ಸೌಭಾಗ್ಯ ಎಂಬ ಹುಡುಗಿ ನಿಂತಲ್ಲೇ ಕುಣಿದಳು.

ತಂಡಕ್ಕೆ ತರಬೇತಿ ಕೊಡುವ ಬಾಲರಾಜ ಸರ್ ಮಾತ್ರ ಒಂದು ಷರತ್ತು ಹಾಕಿದರು. ಚೀಲ ಹೊತ್ತು ಮೈದಾನ ಸುತ್ತಬೇಕು, ಕೊನೆಗೆ ಸೀಟಿ ಊದಬೇಕು. ಊದಲು ಉಸಿರಿಲ್ಲದವರಿಗೆ ಗುಡ್ಡವಿಲ್ಲ.

ನೀರು, ಸೀಟಿ, ಬ್ಯಾಟರಿ, ಕಡ್ಡಿಪೆಟ್ಟಿಗೆ, ಗಾಯದ ಪಟ್ಟಿ, ಮಳೆಗೆ ಹೊದೆಯಲು ಪ್ಲಾಸ್ಟಿಕ್ ಹಾಳೆ. ತನಗೂ ಒಂದು ಹೊಲಿದುಕೊಂಡ ಕುಬ್ರಾಳ ಚೀಲ ತಯಾರಾಯಿತು. ಆದರೆ ಓಣಿ ಬಿಡಬೇಕಲ್ಲ! ಪಕ್ಕದ ಮನೆಯ ಭಾಗಮ್ಮ ಜೋಳದ ರೊಟ್ಟಿಯ ಗಂಟು, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಳು.

"ಇಷ್ಟ್ಯಾಕ್ಬೇ ಭಾಗಮ್ಮ?"

"ಸುಮ್ನಿರು. ಹೊಂಟಾಕಿಗಿ ಕೊಟ್ಟ ಬುತ್ತಿ ಒಲ್ಲೆ ಅನಬಾರ್ದು."

ನಾದಿನಿ ಫರ್ಹತ ಡಬ್ಬಿ ತುಂಬ ಬೆಲ್ಲ, ತುಪ್ಪದ ಸಿಹಿ ಮಲೀದಾ ತುರುಕಿದಳು. ಹಣ್ಣಿನ ಬಂಡಿಯ ಬಾಷುಮಿಯಾ, "ನೀರಡಿಕಿ ಆದ್ರ?" ಎಂದು ಇಡೀ ಕಲ್ಲಂಗಡಿಯನ್ನೇ ಕೊಟ್ಟ!

ಮರುದಿನ ಅಷ್ಟನ್ನೂ ಚೀಲಕ್ಕೆ ತುರುಕಿ, ಹಿಡಿಸದ್ದನ್ನು ಹೊರಗೆ ಕಟ್ಟಿಕೊಂಡು, ಮೈದಾನದಲ್ಲಿ ಮೊದಲು ಓಡಿದವಳು ಕುಬ್ರಾಳೇ. ಅರ್ಧ ಸುತ್ತಿಗೆ ದೊಪ್ಪೆಂದು ಕುಳಿತಳು. ಸೀಟಿ ಊದಿದರೆ ಬರೀ ಫುಸ್.

"ಆಪಾ, ಗುಡ್ಡಕ್ಕ ಹೊಂಟೀರೋ, ಬೀಗರ ಮನಿಗೋ?" ಎಂದು ಸರ್ ನಕ್ಕರು. ಕುಬ್ರಾಳ ಮುಖ ಸಣ್ಣಗಾದದ್ದು ನೋಡಿ ದನಿ ಇಳಿಸಿದರು. "ಭಾರದ್ದೆಲ್ಲಾ ತಗದ್ ಒಗೀರಿ. ಇನ್ನೊಂದ್ ಸರ್ತಿ ಓಡ್ರಿ."

"ಒಗೀಲೇನ್ರಿ? ಈ ಬುತ್ತಿ ಹಂಗೇ ವಾಪಸ್ ಹೋದ್ರ ಭಾಗಮ್ಮ ನನ್ನ ಬಾಗ್ಲಾ ತುಳಿಯಂಗಿಲ್ರಿ!"

ಗುಡ್ಡವೂ ಬೇಕು, ಭಾಗಮ್ಮನೂ ಬೇಕು. ಒಂದು ಕ್ಷಣ ಯೋಚಿಸಿದ ಕುಬ್ರಾ ಬೇವಿನ ಮರದ ಕೆಳಗೆ ಆ ಪ್ಲಾಸ್ಟಿಕ್ ಹಾಳೆ ಹಾಸಿಯೇಬಿಟ್ಟಳು. "ಕುಂದರ್ರೇ ಎಲ್ಲಾರೂ! ಸರ್, ನೀವೂ ಬರ್ರಿ!"

ಆಹಾ, ಆಮೇಲಿನ ಗದ್ದಲ ಕೇಳಬೇಡಿ! ರೊಟ್ಟಿ ಮುರಿದ ಸದ್ದೇ ಸದ್ದು. ಬೇಡ ಬೇಡ ಎನ್ನುತ್ತಲೇ ಸರ್ ಎರಡನೇ ಸಲ ಪಲ್ಯ ಹಾಕಿಸಿಕೊಂಡರು. ಕಲ್ಲಂಗಡಿಯಲ್ಲಿ ಬೀಜ ಬಿಟ್ಟು ಏನೂ ಉಳಿಯಲಿಲ್ಲ. ಡಬ್ಬಿಗಳನ್ನು ಮರದ ಬುಡಕ್ಕಿಟ್ಟು, ಹಾಳೆ ಜಾಡಿಸಿ ಚೀಲಕ್ಕೆ ಸೇರಿಸಿದರೆ, ಚೀಲ ಮತ್ತೆ ಹೂವು!

"ಹ್ಞಾಂ, ಈಗ ಎಲ್ಲಾರೂ ಓಡ್ರಿ," ಎಂದರು ಸರ್.

ಓಡುವುದೆಲ್ಲಿ! ಸೌಭಾಗ್ಯ ನಾಲ್ಕು ಹೆಜ್ಜೆಗೇ ಹೊಟ್ಟೆ ಹಿಡಿದುಕೊಂಡು "ಯವ್ವಾ!" ಎಂದಳು. ಉಳಿದವರು ಅವಳನ್ನು ನೋಡಿ ನಕ್ಕು ನಕ್ಕು ಅಲ್ಲೇ ಉರುಳಿದರು. ಬಡಿಸುವ ಗಡಿಬಿಡಿಯಲ್ಲಿ ಒಂದು ತುತ್ತೂ ಬಾಯಿಗಿಡದ ಕುಬ್ರಾ ಮಾತ್ರ ಸೆರಗು ಸಿಕ್ಕಿಸಿ, ಚೀಲ ಬೆನ್ನಿಗೇರಿಸಿ ಇಡೀ ಮೈದಾನ ಸುತ್ತಿ ಬಂದಳು! ಆಮೇಲೆ ಊದಿದಳು ನೋಡಿ ಸೀಟಿ, ಬೇವಿನ ಮರದ ಗಿಳಿಗಳೆಲ್ಲ ಎದ್ದು ಹಾರಿದವು.

ಬಾಯಿ ತುಂಬ ಮಲೀದಾ ಇದ್ದ ಸರ್ ಮಾತಾಡಲಾರದೆ ಗುಡ್ಡದ ಕಡೆ ಕೈ ತೋರಿಸಿದರು.

"ಪಾಸ್ ಆದೆ ಏನ್ರಿ?" ಎಂದ ಕುಬ್ರಾ, ನೆಲಕ್ಕೊರಗಿದ ಹುಡುಗಿಯರ ಕಡೆ ತಿರುಗಿದಳು. "ಏಳ್ರೇ! ನಿಮ್ಮ ಹೊಟ್ಟಿ ಇಳಿಯೂತನಕ ನಾ ಕಾಯಂಗಿಲ್ಲ ಮತ್ತ!"