ಗಿಟಾರಿನ ಕುಚ್ಚು

ಅವಿನಾಶಿ ಊರಿನ ನಮ್ಮ ಬೀದಿಯಲ್ಲಿ ಗಿಟಾರ್ ನುಡಿಸುವವಳು ನಿವೇತಾ ಒಬ್ಬಳೇ. ಅವಳ ಅಪ್ಪ ನಂಜಪ್ಪನ್ ಮನೆಯ ಮುಂದಿನ ಕೋಣೆಯಲ್ಲಿ ಸೀರೆ ನೇಯುತ್ತಾರೆ. ಅವಳು ಸೋದರಮಾವ ದೀನದಯಾಳನ್ ನಡೆಸುವ ಮದುವೆ ಸಂಗೀತ ಕಚೇರಿಯ ತಂಡದಲ್ಲಿದ್ದಾಳೆ. ಸಿನಿಮಾ ಹಾಡುಗಳ ಬಗ್ಗೆ ನನಗೆ ಹೇಳಿಕೊಳ್ಳುವಂಥ ಒಲವಿಲ್ಲ. ಕೆಲಸವನ್ನು ಸರಿಯಾಗಿ ಮಾಡುವವರ ಬಗ್ಗೆ ಇದೆ.

ಗಾಂಧಿಪುರಂನ ಅಂಗಡಿಯಿಂದ ಅವಳು ತಂದ ಎಫೆಕ್ಟ್ಸ್ ಪ್ರೊಸೆಸರ್, ಗಿಟಾರಿನ ಧ್ವನಿ ಬದಲಿಸಲು ಕಾಲಿನಿಂದ ಒತ್ತುವ ಒಂದು ಪೆಟ್ಟಿಗೆ. ಅದರ ಡಿಲೇ, ನುಡಿಸಿದ ಸ್ವರವನ್ನು ಮತ್ತೆ ಮತ್ತೆ ಹೇಳುತ್ತದೆ. ರಿವರ್ಬ್ ಅದನ್ನು ದೊಡ್ಡ ಮಂಟಪದಲ್ಲಿ ನುಡಿಸಿದಂತೆ ಹರಡುತ್ತದೆ. ಬೆರಳು ತೆಗೆದ ಮೇಲೂ ಉಳಿಯುವ ಆ ನಾದಕ್ಕೆ ತಂಡದವರು ಬಾಲ ಎನ್ನುತ್ತಾರೆ. ಜಗಳಕ್ಕೆ ಕಾರಣ ಆ ಬಾಲವೇ.

ಮಾವನ ಹೆಂಡತಿ ಗೋಕಿಲಾ ತಂಡದ ಮುಖ್ಯ ಗಾಯಕಿ. ಗಿಟಾರ್ ಮುಗಿದ ಮೇಲೆ ಅವರು ಒಂಟಿಯಾಗಿ ಎತ್ತಿಕೊಳ್ಳುವ ಹಾಡೊಂದಿತ್ತು. ನಿವೇತಾ ಬಾಲವನ್ನು ಬಿಟ್ಟರೆ ಅದು ಅವರ ಮೊದಲ ಸಾಲಿನ ಮೇಲೆ ಬೀಳುತ್ತಿತ್ತು. ಸ್ವಿಚ್ ಒತ್ತಿ ಮುಂದಿನ ಧ್ವನಿಗೆ ಹೋದರೆ ಕರೆಂಟು ಹೋದಂತೆ ನಾದವೆಲ್ಲ ಸತ್ತುಹೋಗುತ್ತಿತ್ತು.

"ಏನಮ್ಮಾ, ನಾನು ಹಾಡ್ಲಾ, ಇಲ್ಲ ನಿನ್ ಪೆಟ್ಟಿಗೇನೇ ಹಾಡ್ತದಾ?" ಎಂದು ಗೋಕಿಲಾ ತಾಲೀಮಿನಲ್ಲಿ ಎಲ್ಲರೆದುರು ಕೇಳಿದರು.

ದೀನದಯಾಳನ್ ಹೆಂಡತಿಯ ಮುಖ ನೋಡಿ ತೀರ್ಪು ಕೊಟ್ಟರು. "ನೋಡು ಕಂದಾ, ಮಡತ್ತುಕುಳಂ ಮದುವೇಲೂ ಹಿಂಗೇ ಆದ್ರೆ, ಆಮೇಲೆ ಕೀಬೋರ್ಡ್ ನುಡಿಸೋ ಅರವಿಂದನೇ ಅದ್ರಲ್ಲಿ ಗಿಟಾರೂ ಬಾರಿಸ್ಬಿಡ್ಲಿ."

"ಕೀಬೋರ್ಡ್ ಗಿಟಾರಾ? ಅದು ಪ್ಲಾಸ್ಟಿಕ್ ಹೂವು, ಮಾವ."

"ಪ್ಲಾಸ್ಟಿಕ್ ಹೂವು ಬಾಡಲ್ಲ, ಹೋಗು!"

ಮನೆಯಲ್ಲಿ ಅವಳು ಕಾಲಿನಿಂದ ಸದ್ದು ಏರಿಸಿ ಇಳಿಸುವ ವಾಲ್ಯೂಮ್ ಪೆಡಲಿನಿಂದ ಪ್ರಯತ್ನಿಸಿದಳು. ಅದನ್ನು ಇಳಿಸಿದರೂ ಬಾಲ ಪಟ್ಟನೆ ಕತ್ತರಿಸಿಹೋಗುತ್ತಿತ್ತು. ಪಕ್ಕದಲ್ಲಿ ನಂಜಪ್ಪನ್ ಒಂದು ಸೀರೆ ಮುಗಿಸಿ, ಮುಂದಿನದಕ್ಕೆ ಮೊದಲು ಸ್ವಲ್ಪ ನೂಲನ್ನು ನೇಯದೆ ಹಾಗೇ ಎಳೆದುಕೊಳ್ಳುತ್ತಿದ್ದರು. ಹುಟ್ಟಿದಾಗಿನಿಂದ ನೋಡಿದ್ದರ ಬಗ್ಗೆ ಅವಳು ಅಂದು ಕೇಳಿದಳು.

"ಅಪ್ಪಾ, ಸೀರೆ ಮುಗೀತಲ್ಲ, ಇಲ್ಲೇ ಕತ್ತರಿಸ್ಬಾರ್ದಾ?"

"ಆಮೇಲೆ ಕುಚ್ಚು ಯಾವ್ದ್ರಲ್ಲಿ ಕಟ್ಟೋದು, ನಿನ್ ಜಡೇಲಾ? ಅಡ್ಡ ನೂಲು, ಹೊಕ್ಕು, ಅದನ್ನ ಮಾತ್ರ ನಿಲ್ಲಿಸ್ತೀನಿ. ಉದ್ದದ ಹಾಸು ಅದ್ರ ಪಾಡಿಗೆ ಓಡ್ತದೆ."

"ಎಷ್ಟು ಬಿಡ್ತೀರ?"

"ಕುಚ್ಚಿಗೆ ಬೇಕಾದಷ್ಟು. ಜಾಸ್ತಿ ಬಿಟ್ರೆ ನೂಲು ದಂಡ."

ಅವಳು ತಕ್ಷಣ ಪ್ರೊಸೆಸರಿನ ತೆರೆಯಲ್ಲಿ ಸ್ವರ ಹಾದುಹೋಗುವ ಸಾಲಿನ ಕೊನೆಯಿಂದ ವಾಲ್ಯೂಮನ್ನು ತೆಗೆದು ಡಿಲೇ, ರಿವರ್ಬ್ ಎರಡಕ್ಕೂ ಮುಂಚೆ ಇಟ್ಟಳು. ಈಗ ಪೆಡಲ್ ಇಳಿಸಿದರೆ ಹೊಸ ಸ್ವರ ಒಳಗೆ ಹೋಗುವುದಿಲ್ಲ. ಒಳಗೆ ಹೋದದ್ದು ತಾನಾಗಿಯೇ ಕರಗುತ್ತದೆ. ಗೋಕಿಲಾರ ದನಿಗೆ ಅಡ್ಡ ಬರದಂತೆ ರಿವರ್ಬಿನ ಮಂದ್ರ ನಾದವನ್ನು ತಗ್ಗಿಸಿದಳು. ಆದರೆ ಬಾಲ ಎಷ್ಟು ಉದ್ದವಿರಬೇಕು ಎಂಬುದನ್ನು ಮನೆಯಲ್ಲಿ ಕೂತು ತೀರ್ಮಾನಿಸಲಿಲ್ಲ.

ಮಡತ್ತುಕುಳಂನ ಮಂಟಪಕ್ಕೆ ತಗಡಿನ ಮಾಡು, ನುಣುಪು ನೆಲ. ಖಾಲಿ ಇದ್ದಾಗ ಮಂಟಪವೇ ಎರಡು ಪಟ್ಟು ಮೊಳಗುತ್ತಿತ್ತು. ಸಂಜೆ ಜನ ತುಂಬಿದ ಮೇಲೆ ನಿವೇತಾ ಮತ್ತೆ ಬಗ್ಗಿ ಗುಂಡಿ ತಿರುಗಿಸುತ್ತಿದ್ದಳು. ಮಾವ ಹೌಹಾರಿದರು. "ಅಯ್ಯೋ, ಮಧ್ಯಾಹ್ನವೇ ಎಲ್ಲಾ ಸರಿ ಮಾಡಿದ್ಯಲ್ಲ!"

"ಮಧ್ಯಾಹ್ನ ಕುರ್ಚಿಗಳಿಗೆ ನುಡಿಸಿದ್ದು, ಮಾವ. ಈಗ ಜನ ಕೂತವ್ರೆ, ಮೊಳಗನ್ನ ಅವ್ರೇ ಹೀರ್ಕೋತಾರೆ."

ಹೆಣ್ಣಿನ ಕಡೆಯ ಅತಿಥಿಯಾಗಿ ನಾನು ಮುಂದಿನ ಸಾಲಿನಲ್ಲಿದ್ದೆ. ಆ ಹಾಡು ಬಂತು. ನಿವೇತಾ ಕೊನೆಯ ಸ್ವರ ಮೀಟಿ ಪೆಡಲ್ ಇಳಿಸಿದಳು. ಸ್ವರ ಮಾಡಿನವರೆಗೆ ಏರಿ, ಮರಳಿ ಬಂದು, ಪ್ರತಿ ಸಲವೂ ತೆಳ್ಳಗಾಯಿತು. ಗೋಕಿಲಾ ಬಾಯಿ ತೆರೆದವರು ಮುಚ್ಚಿಕೊಂಡರು. ಯಾರಿಗೂ ಕಾಯದ ಆ ಹೆಂಗಸು ಕಾದರು. ನಾದದ ಕೊನೆಯ ಎಳೆ ಸವೆಯುವ ಹೊತ್ತಿಗೆ ಅದೇ ಶ್ರುತಿಯನ್ನು ಹಿಡಿದು ಮೊದಲ ಸಾಲು ಎತ್ತಿದರು. ಒಂದು ಅಕ್ಷರವೂ ಮುಚ್ಚಿಹೋಗಲಿಲ್ಲ.

ಹಾಡು ಮುಗಿದಾಗ ಅವರು ತಿರುಗಿ, ಮೈಕು ಆನ್ ಆಗಿಯೇ ಇದೆಯೆಂಬುದನ್ನು ಮರೆತು ಹೇಳಿದರು: "ಮುಂದಿನ ಹಾಡಿಗೂ ಹಂಗೇ ಬಿಡು ಕಂದಾ. ಉಸಿರು ಎಳ್ಕೊಳ್ಳಾಕೆ ಜಾಗ ಸಿಕ್ತು."

ಜನ ನಕ್ಕರು. ದೀನದಯಾಳನ್ ಅರವಿಂದನ ಕಡೆ ಬಗ್ಗಿ, "ನೀನು ನಿನ್ ಕೀಬೋರ್ಡ್ ನೋಡ್ಕೋಪ್ಪಾ" ಎಂದರು.

ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನನ್ನು ತಮಿಳಿನಲ್ಲಿ ಕೇಳಿದರು, ಗಿಟಾರಿನ ಹುಡುಗಿಯನ್ನು ಚೆನ್ನೈಯಿಂದ ಕರೆಸಿದ್ದಾರೆಯೇ ಎಂದು.

"ಅವಿನಾಶಿ," ಎಂದೆ. "ನಮ್ಮ ಬೀದಿ. ನೇಕಾರ ನಂಜಪ್ಪನ್ ಮಗಳು."