ಬೈತಖೋಲದ ‘ಪಂಪಿನ ನಾಗಿ’

ಬೈತಖೋಲ ಬಂದರಿನಲ್ಲಿ ಬೆಳಕು ಹರಿಯುವ ಹೊತ್ತು. ಬೋಟುಗಳಿಂದ ಮೀನು ಇಳಿಯುತ್ತಿದೆ, ಹರಾಜಿಗಿನ್ನೂ ಕಾವೇರಿಲ್ಲ. ಮೀನು ಮಾರುವ ನಾಗಿ ಬುಟ್ಟಿ ಪಕ್ಕಕ್ಕಿಟ್ಟು, ಬಲೆಯ ರಾಶಿಯ ಮೇಲೆ ಕೂತ ಹುಡುಗಿಯ ಬಾಯಿಗೆ ಅಸ್ತಮಾದ ಪಂಪು ಹಿಡಿಸುತ್ತಾಳೆ. “ಮೆಲ್ಲಕೆ ಎಳಿ. ಈಗ ಉಸ್ರು ಬಿಗಿ ಹಿಡಿ. ಏಕ, ದೋನ, ತೀನ...” ಹುಡುಗಿ ಹತ್ತರವರೆಗೆ ತಡೆದು ಉಸಿರು ಬಿಡುತ್ತಾಳೆ. “ಬಂತು ನೋಡು, ಪಂಪಿನ ನಾಗಿ” ಎಂದು ಆಚೆ ನಿಂತವನೊಬ್ಬ ಹಲ್ಲು ಕಿರಿಯುತ್ತಾನೆ. ನಾಗಿ ತಿರುಗಿಯೂ ನೋಡುವುದಿಲ್ಲ.

ದಮ್ಮಿರುವ ಮಕ್ಕಳಿಗೆ ಮನೆಮನೆಗೆ ಹೋಗಿ ಪಂಪು ಬಳಸುವುದನ್ನು ಕಲಿಸಲು ಸಂಸ್ಥೆಯೊಂದು ಇವಳಿಗೆ ತರಬೇತಿ ಕೊಟ್ಟಿತ್ತು. ಫೋಟೊ ತೆಗೆಸಿಕೊಂಡು, ಯೋಜನೆ ಮುಗಿಯಿತೆಂದು ಗಂಟುಮೂಟೆ ಕಟ್ಟಿತು. ಮಕ್ಕಳ ದಮ್ಮು ಹೋಗಲಿಲ್ಲ, ನಾಗಿಯೂ ಬಿಡಲಿಲ್ಲ. ಮೀನು ಮಾರಲು ಹೋದಲ್ಲೇ ಪಾಠ. ಬಂದರಿನಲ್ಲಿ ಕೊಂಕಣಿ, ಅಮದಳ್ಳಿಯ ರೈತರ ಮನೆಗಳಲ್ಲಿ ಕನ್ನಡ, ಬೋಟಿನ ಕೆಲಸಕ್ಕೆ ಒಡಿಶಾದಿಂದ ಬಂದವರ ಬಿಡಾರದಲ್ಲಿ ಬರೀ ಕೈಸನ್ನೆ.

“ಪಂಪು ಹಿಡಿದ್ರೆ ಸಾಯೂ ತನಕ ಬಿಡೂದಿಲ್ಲ ಅಂತ ಎಲ್ಲರಿಗೂ ಹೆದ್ರಿಕೆ” ಎನ್ನುತ್ತಾಳೆ ನಾಗಿ. “ಮಗುಗೆ ಏದುಸ್ರು ಬಂದ್ರೆ ದೃಷ್ಟಿ ಆಯ್ತು ಅಂತ ಉಪ್ಪು, ಮೆಣಸು ನಿವಾಳ್ಸಿ ಒಲೆಗೆ ಹಾಕ್ತಾರೆ. ಘಾಟು ಬರ್ಲಿಲ್ಲ ಅಂದ್ರೆ ದೃಷ್ಟಿ ಜೋರಿತ್ತು ಅಂತ ಮತ್ತೊಂದು ಮುಷ್ಟಿ! ದೃಷ್ಟಿ ತೆಗೀಬೇಡಿ ಅಂದ್ರೆ ನನ್ನ ಒಳಗೇ ಬಿಟ್ಕಳೂದಿಲ್ಲ. ಅದ್ಕೇ ಹೇಳ್ತೆ, ತೆಗೀರಿ, ಆದ್ರೆ ಒಲೆಗೆ ಹಾಕಬೇಡಿ, ಸಮುದ್ರಕ್ಕೆ ಹಾಕಿ. ಕೆಲವ್ರು ಕೇಳ್ತಾರೆ.”

ಕೇಳದ ಮನೆಯೂ ಇದೆ. ಮೀನುಗಾರ ಮಾಬ್ಲೇಶ್ವರನ ಮಗಳು ಮಾನಸಾ ಪಂಪು ಹಿಡಿಯುವುದನ್ನು ಚೆಂದವಾಗಿ ಕಲಿತಿದ್ದಳು. ಹುಡುಗಿಗೆ ಇದರ ಚಟ ಹತ್ತಿದರೆ ನಾಳೆ ಯಾರು ಮದುವೆಯಾಗುತ್ತಾರೆಂದು ಅಜ್ಜಿ ಮಂಜಿ ಅದನ್ನು ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಳು. ಕಳೆದ ಮಳೆಗಾಲದಲ್ಲಿ, ಬಾಗಿಲು ಕಿಟಕಿ ಹಾಕಿಕೊಂಡ ಮನೆಯೊಳಗೆ ಮಗುವಿಗೆ ದಮ್ಮು ಕಟ್ಟಿತು. ಒಲೆಗೆ ಮೆಣಸು ಬಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹುಡುಗಿ ಹೋಗಿಬಿಟ್ಟಿದ್ದಳು. ನಾಗಿಯ ಪಂಪೇ ಮಗುವನ್ನು ತಿಂದಿತೆಂದು ಕೇರಿ ತೀರ್ಪು ಕೊಟ್ಟಿತು. ಅವಳ ಕೈಯ ಮೀನು ಕೊಳ್ಳುವುದನ್ನೂ ನಿಲ್ಲಿಸಿತು. ಕೇಳಿದರೆ ಮೈ ಉರಿಯುತ್ತದೆ.

ಈಗ ಮಾನಸಾಳ ತಮ್ಮ ಆಶಿಷನಿಗೂ ದಮ್ಮು. ಎಷ್ಟು ಸಲ ಹೋದರೂ ತೆರೆಯದ ಬಾಗಿಲು, ಮೊನ್ನೆ ಹುಡುಗ ತುಟಿ ನೀಲಿಯಾಗಿ ಆಸ್ಪತ್ರೆ ಸೇರಿ ಬಂದ ಮೇಲೆ ಇವತ್ತು ತೆರೆದಿದೆ. ಡಾಕ್ಟರು ಬರೆದುಕೊಟ್ಟ ಪಂಪನ್ನು ಹಿಡಿಯುವ ಬಗೆಯನ್ನು ನಾಗಿ ಮತ್ತೆ ಮತ್ತೆ ತೋರಿಸುತ್ತಾಳೆ. ಹುಡುಗನ ಎದೆಯ ಸುಂಯ್ ಸುಂಯ್ ಸದ್ದು ಮೆಲ್ಲಗೆ ಇಳಿಯುತ್ತದೆ.

ನೋಡುತ್ತಿದ್ದ ಮಂಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. “ಗೋ ನಾಗಿ, ನಮ್ಮ ಮಾನಸಾಗೂ ಹೀಂಗೇ ಕಲ್ಸಿದ್ರೆ ಪೋರಿ ಉಳೀತಿತ್ತಲ್ಲೇ.”

ಮಾನಸಾಳಿಗೆ ಕಲಿಸಿದ್ದೂ ಇದೇ ಜಗಲಿಯಲ್ಲಿ, ಇದೇ ಮಂಜಿಯ ಎದುರಿಗೆ. ನಾಗಿ ತಲೆ ತಗ್ಗಿಸುತ್ತಾಳೆ. “ಹೌದು ಆಯೀ, ನಂದೇ ತಪ್ಪು.”

ಹೊರಗೆ ಬಂದು ಬುಟ್ಟಿ ತಲೆಗೇರಿಸಿಕೊಳ್ಳುತ್ತಾ ಹೇಳುತ್ತಾಳೆ. “ನನ್ನ ತಪ್ಪಲ್ಲ ಅಂದ್ರೆ ನಾಳೆ ಬಾಗ್ಲು ಹಾಕ್ತಾರೆ. ಪೋರ ಮೀಸೆ ಬರೂ ತನಕ ಬದುಕ್ಲಿ. ಆಮೇಲೆ ಬೇಕಾದ್ರೆ, ಅಕ್ಕನ್ನ ಕೊಂದವಳು ಅಂತ ಅಂವನೂ ನನ್ನ ಬೈಲಿ.”