ಒಗೆತದ ವೃತ್ತಾಂತ

ನಮ್ಮ ಕಡೆ 'ಒಗೆಯುವುದು' ಎಂಬ ಒಂದೇ ಕ್ರಿಯಾಪದ ಬಟ್ಟೆ ತೊಳೆಯುವುದಕ್ಕೂ ಸಲ್ಲುತ್ತದೆ, ಚೆಂಡು ಎಸೆಯುವುದಕ್ಕೂ ಸಲ್ಲುತ್ತದೆ. ಭಾನುವಾರ ಹೆಂಡತಿ ಬಕೆಟ್ಟು ಮುಂದಿಟ್ಟು "ಇಷ್ಟು ಒಗದ್ ಹಾಕ್ರಿ" ಎಂದಾಗಲೆಲ್ಲ ಇಳಕಲ್ಲಿನ ಈ ಮಾಜಿ ವೇಗದ ಬೌಲರನ ಎದೆಯಲ್ಲಿ ಹಳೆಯ ಗಾಯವೊಂದು ಚುರುಗುಡುತ್ತದೆ. ಓದುಗ ಮಹಾಶಯರೇ, ನೀವು ನನ್ನ ಹೆಸರು ಕೇಳಿರಲಾರಿರಿ. ತಪ್ಪು ನಿಮ್ಮದಲ್ಲ, ಆ ಕ್ರಿಯಾಪದದ್ದು ಎಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ.

ನನ್ನನ್ನು ಬೆಂಕಿ ಬೌಲರ್ ಎನ್ನುತ್ತಿದ್ದರು. ಬೆಂಕಿಯಲ್ಲಿ ಅರ್ಧ ಚೆಂಡಿನದು, ಉಳಿದರ್ಧ ಕಣ್ಣಿನದು. ಬೌಂಡರಿ ಹೊಡೆದವನನ್ನು ದುರುಗುಟ್ಟಿ ನೋಡುತ್ತಿದ್ದೆ. ಅವನು ಹೆದರದಿದ್ದರೆ ನಮ್ಮ ಫೀಲ್ಡರುಗಳನ್ನೇ ನೋಡುತ್ತಿದ್ದೆ, ಅವರು ತಪ್ಪದೆ ಹೆದರುತ್ತಿದ್ದರು. ಗುಡೂರಿನ ಪಂದ್ಯದಲ್ಲಿ ಮೂರು ಸ್ಟಂಪು ಮುರಿದ ಕೀರ್ತಿಯೂ ನನ್ನದೇ. ಎರಡನ್ನು ಸಿಟ್ಟಿನಲ್ಲಿ ಕಾಲಿನಿಂದ ಮುರಿದೆನೆಂಬುದನ್ನು ಚರಿತ್ರಕಾರರು ದಯೆ ತೋರಿ ಕೈಬಿಟ್ಟಿದ್ದಾರೆ.

ಜಿಲ್ಲಾ ತಂಡದ ಆಯ್ಕೆಗೆ ಬಾಗಲಕೋಟೆಗೆ ಹೋದೆ. ಅದೊಂದೇ ನನ್ನ ಜೀವದ ಆಸೆ. ತಪ್ಪಿದರೆ ಅಪ್ಪನ ಮಗ್ಗ ಕಾದಿತ್ತು. ದಕ್ಷಿಣದಿಂದ ಬಂದಿದ್ದ ಅಂಪೈರ್ "ನೀನೇನು ಮಾಡ್ತೀಯಪ್ಪ?" ಎಂದರು.

"ಒಗೀತೇನ್ರಿ! ಭಾಳ ಜೋರ್ ಒಗೀತೇನಿ!"

"ಬಟ್ಟೇನಾ?"

"ಅಲ್ರಿ, ಚೆಂಡು! ಕಲ್ಲು ಒಗದ್ಹಂಗ!"

ಕ್ರಿಕೆಟ್ಟಿನಲ್ಲಿ ಚೆಂಡನ್ನು ತೋಳು ನೆಟ್ಟಗಿಟ್ಟು ಹಾಕಬೇಕೇ ಹೊರತು ಮೊಣಕೈ ಮಡಚಿ ಕಲ್ಲಿನಂತೆ ಎಸೆಯುವಂತಿಲ್ಲ. ಅಂಪೈರ್ ಗಂಭೀರರಾದರು. ಮೂರು ಚೆಂಡು ಹಾಕಿದೆ, ಮೂರಕ್ಕೂ ನೋಬಾಲ್. ಸಂಜೆಯ ಬಸ್ಸಿಗೆ ಊರಿಗೆ ಮರಳಿದೆ.

ನಮ್ಮ ಕನ್ನಡ ತಿಳಿಯದ ಅಂಪೈರೊಬ್ಬ ಮಹಾಪ್ರತಿಭೆಯ ಕುತ್ತಿಗೆ ಹಿಚುಕಿದನೆಂದು ಚಹಾದಂಗಡಿಯಿಂದ ಮದುವೆ ಮಂಟಪದವರೆಗೆ ಸಾರಿದೆ. ಕೇಳಿದವರು ಮರುಗಿದರು, ನಾನು ಅವರಿಗಿಂತ ಹೆಚ್ಚು ಮರುಗಿದೆ. ಸೀರೆ ನೇಯುತ್ತಲೇ ಮರುಗುವುದು ರೂಢಿಯಾಯಿತು.

ಕಳೆದ ಭಾನುವಾರ ಒಗೆದ ಚಾದರವನ್ನು ಹಳೆಯ ಗತ್ತಿನಲ್ಲಿ ಓಡಿಬಂದು ಅಂಗಳದ ಹಗ್ಗಕ್ಕೆ ಬೀಸಿದೆ. ಕ್ರಿಕೆಟ್ಟಿನ ಗಂಧಗಾಳಿಯಿಲ್ಲದ ಹೆಂಡತಿ ನೋಡುತ್ತ ನಿಂತಿದ್ದಳು.

"ಅಯ್ಯ, ಮೊಣಕೈ ಯಾಕ ಹಂಗ ಮಡಚ್ತೀರಿ? ಮಗ್ಗದ ಹಗ್ಗ ಜಗ್ಗಿದ್ಹಂಗ!"

ಕೈ ನೋಡಿಕೊಂಡೆ. ಹತ್ತನೆಯ ವಯಸ್ಸಿನಿಂದ ಲಾಳಿ ಓಡಿಸಲು ಹಗ್ಗ ಜಗ್ಗಿದ ಕೈ. ಬೇರೆ ಚಲನೆ ಅದಕ್ಕೆ ಎಂದೂ ಗೊತ್ತಿರಲಿಲ್ಲ, ಬಾಗಲಕೋಟೆಯ ಮೈದಾನದಲ್ಲೂ. ನನಗೆ ವಿಪರೀತ ನಾಚಿಕೆಯಾಯಿತು. ಆ ಅಂಪೈರಿಗೆ ನನ್ನ ಮಾತು ಸರಿಯಾಗಿಯೇ ಅರ್ಥವಾಗಿತ್ತು.

ಚಾದರ ಹಗ್ಗ ತಪ್ಪಿ ಮಣ್ಣಿಗೆ ಬಿದ್ದಿತ್ತು.

"ಮತ್ತ ಒಗೀರಿ" ಎಂದಳು.

ಯಾವ ಒಗೆತವೆಂದು ಕೇಳಲಿಲ್ಲ. ಬಕೆಟ್ಟಿನ ಮುಂದೆ ಕೂತೆ.